ಶೇಕಡಾ ನೂರು ಕಚ್ಚದ ನಾಯಿ

ಹಿಂದೂಪುರದ ಪಕ್ಕದ ಮುದ್ದನಪಲ್ಲಿಯಲ್ಲಿ ನಾಯಿ ಕಡಿತವು ಶೇಕಡಾ ನೂರರಷ್ಟು ಇಳಿದಿದೆಯೆಂದು ಸರ್ವರಿಗೂ ತಿಳಿಯಪಡಿಸಲಾಗಿದೆ. ತಿಳಿಯಪಡಿಸಿದ್ದು ‘ದಿನಪ್ರಮಾಣ’ ಪತ್ರಿಕೆ. ಬರೆದವರು ಅದರ ವರದಿಗಾರ ರಘುನಾಥ್. ಹೋದ ವರ್ಷ ಅಲ್ಲಿ ಕಚ್ಚಿಸಿಕೊಂಡವನು ದಾಸಣ್ಣ ಒಬ್ಬನೇ. ಈ ವರ್ಷ ಯಾರೂ ಇಲ್ಲ. ಪತ್ರಿಕೆ ಆ ಒಬ್ಬನನ್ನು ಕೈಬಿಟ್ಟು, ನೂರನ್ನು ಮಾತ್ರ ದಪ್ಪಕ್ಷರದಲ್ಲಿ ಹಾಕಿತು. ಆರೋಗ್ಯ ಕೇಂದ್ರದ ಅಧಿಕಾರಿ ಜಯಚಂದ್ರರಿಗೆ ಸನ್ಮಾನ ನಿಗದಿಯಾಯಿತು.

ಸನ್ಮಾನಕ್ಕೆ ಒಂದು ವಾರವಿರುವಾಗ, ನೀರು ತರುತ್ತಿದ್ದ ಬೀರಕ್ಕನನ್ನು ಊರಿನ ಕೆಂದನೆಂಬ ನಾಯಿ ಕಚ್ಚಿತು. ಅದು ಪತ್ರಿಕೆ ಓದಿರಲಿಲ್ಲ. ಮೀನಖಂಡದಲ್ಲಿ ನಾಲ್ಕು ಹಲ್ಲು ಇಳಿದಿದ್ದವು. ಅವಳು ನೇರ ಆರೋಗ್ಯ ಕೇಂದ್ರಕ್ಕೆ ಬಂದಳು.

“ಬೇಗ ಸೂಜಿ ಹಾಕಿ ಸಾರ್. ನಮ್ಮ ಮಾವ ಹಿಂಗೇ ಕಚ್ಚಿಸ್ಕಂಡು, ನೀರು ಕಂಡ್ರೆ ಬೆದರಿ ಬೆದರಿ ಸತ್ತೋದ.”

ಜಯಚಂದ್ರ ಗಾಯ ನೋಡುವ ಮೊದಲು ಪತ್ರಿಕೆ ತೋರಿಸಿದರು. “ನಿನ್ನ ಹೆಸ್ರು ಬರೆದ್ರೆ ನೂರು ಪರ್ಸೆಂಟು ಒಂದೇ ಏಟಿಗೆ ಸೊನ್ನೆ ಆಗ್ಬುಡ್ತದೆ ಕಣಮ್ಮ. ಬರೀದೆ ಸೂಜಿ ಹಾಕಂಗಿಲ್ಲ, ಅದು ರೂಲು.”

ಸನ್ಮಾನದ ಸುದ್ದಿ ಸಿದ್ಧಪಡಿಸುತ್ತ ಅಲ್ಲೇ ಕೂತಿದ್ದ ರಘುನಾಥ್ ದಾರಿ ತೋರಿಸಿದರು. “ಕಲ್ಯಾಣದುರ್ಗಕ್ಕೆ ಹೋಗು ಬೀರಕ್ಕ. ಅಲ್ಲಿ ಆಗ್ಲೇ ಐವತ್ತು ಜನಕ್ಕೆ ಕಚ್ಚೈತೆ. ಇಲ್ಲಿ ನೀನು ನೂರು ಪರ್ಸೆಂಟು, ಅಲ್ಲಿ ಬರೀ ಎರಡು.”

“ಅಲ್ಲಿಗೋದ್ರೆ ನೋವೂ ಎರಡು ಪರ್ಸೆಂಟ್ ಆಯ್ತದೇನಪ್ಪ?”

“ಅದನ್ನ ನಾವು ಲೆಕ್ಕ ಹಾಕಲ್ಲ.”

ಬೀರಕ್ಕ ಕುಂಟುತ್ತಾ ಎರಡು ಬಸ್ಸು ಬದಲಿಸಿ ಕಲ್ಯಾಣದುರ್ಗ ಮುಟ್ಟಿದಳು, ಸೂಜಿ ಹಾಕಿಸಿಕೊಂಡಳು. ಮೂರು ದಿನ ಬಿಟ್ಟು ಎರಡನೆಯದಕ್ಕೂ ಹೋಗಿಬಂದಳು. ಪತ್ರಿಕೆಯ ಕಲ್ಯಾಣದುರ್ಗ ಪುಟ ಸೂಜಿಗೊಂದು ಕಡಿತವೆಂದು ಎಣಿಸಿ, ಅಲ್ಲಿನ ನಾಯಿಗಳ ಹಾವಳಿ ಶೇಕಡಾ ನಾಲ್ಕು ಏರಿದೆ ಎಂದಿತು. ಒಬ್ಬಳೇ ಹೆಂಗಸು, ಒಂದೇ ಕಾಲು. ನಾಚಿಕೆಗೆಟ್ಟ ಲೆಕ್ಕವಾದರೂ ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ.

ಸನ್ಮಾನದ ದಿನ ಉತ್ತಮ ನಡತೆಗಾಗಿ ಕೆಂದನನ್ನೂ ವೇದಿಕೆಗೆ ಕರೆತರಲಾಯಿತು. ಫೋಟೋಗೆಂದು ರಘುನಾಥ್ ಬಗ್ಗಿ ಹಾರ ಹಾಕಿದರು. ಕೆಂದ ಅವರ ಬಲಗೈ ಕಚ್ಚಿತು. ಸಭೆ ಚಪ್ಪಾಳೆ ತಟ್ಟಿತು. “ಏನೂ ಆಗಿಲ್ಲ” ಎನ್ನುತ್ತ ರಘುನಾಥ್ ಕೈಗೆ ಸನ್ಮಾನದ ಶಾಲು ಸುತ್ತಿಕೊಂಡರು. ಶಾಲು ಕೆಂಪಾಗುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ.

“ಹನ್ನೊಂದಕ್ಕೆ ಬಸ್ಸೈತೆ” ಎಂದು ಜಯಚಂದ್ರ ಅವರ ಕಿವಿಯಲ್ಲಿ ಹೇಳಿದರು.

ಬಸ್ಸಿನಲ್ಲಿ, ಮೂರನೆಯ ಸೂಜಿಗೆ ಹೊರಟಿದ್ದ ಬೀರಕ್ಕ ಸರಿದು ಜಾಗ ಕೊಟ್ಟಳು. “ಕೂತ್ಕಳಪ್ಪ. ನೀನೂ ಎರಡು ಪರ್ಸೆಂಟಾ?”

ರಘುನಾಥ್ ಅವಳ ಪಕ್ಕ ಕೂತರು. ಎಡಗೈಯಲ್ಲಿ ಫೋನು ಹಿಡಿದು ವರದಿ ಕಳಿಸಿದರು. ಮರುದಿನ ಅದು ಅಚ್ಚಾಯಿತು: ‘ಮುದ್ದನಪಲ್ಲಿಯಿಂದ ಕಲ್ಯಾಣದುರ್ಗಕ್ಕೆ ಪ್ರಯಾಣಿಕರ ಸಂಖ್ಯೆಯಲ್ಲಿ ಶೇಕಡಾ ನೂರು ಏರಿಕೆ, ಪ್ರವಾಸದಲ್ಲಿ ಜನರ ಉತ್ಸಾಹ.’ ಊರಿನವರು ಓದಿ ಸಂತೋಷಪಟ್ಟು, ಇನ್ನೊಂದು ಬಸ್ಸಿಗೆ ಅರ್ಜಿ ಹಾಕಿದರು.