ಪೆಟ್ರೋಲ್ ಇಳಿದ ಸಂಕಟ

ಪೆಟ್ರೋಲ್ ಬೆಲೆ ಇಳಿದ ದಿನ ಊರೆಲ್ಲ ಹಿಗ್ಗಿದರೂ ಕನ್ನಡಕದಂಗಡಿಯ ಯಜಮಾನರ ಎದೆ ಮಾತ್ರ ಧಸಕ್ಕೆಂದಿತು. ಎರಡು ವರ್ಷದಿಂದ ಅತ್ತೆಯ ಮನೆಗೆ ಹೋಗದೆ ಅವರು ಪಾರಾಗಿದ್ದದ್ದೇ ಆ ದುಬಾರಿ ಬೆಲೆಯ ಕೃಪೆಯಿಂದ. ಹೆಂಡತಿ ತವರಿನ ಮಾತೆತ್ತಿದಾಗಲೆಲ್ಲ, “ಈ ರೇಟಲ್ಲಿ ಕಾರು ತೆಗೆಯೋದಾ? ಇಳೀಲಿ ತಡಿಯೇ, ಹೋಗೋಣ” ಎಂದು ನಿಟ್ಟುಸಿರು ಬಿಡುತ್ತಿದ್ದರು. (ನಿಟ್ಟುಸಿರು ಬಿಡುವುದರಲ್ಲಿ ಅವರದು ಎತ್ತಿದ ಕೈ.) ಬಸ್ಸಿನಲ್ಲಿ ಹೋಗೋಣವೆಂದರೆ ಮೂರು ಕಡೆ ಇಳಿದು ಹತ್ತಬೇಕು, ಅದು ಆಕೆಯ ಸೊಂಟಕ್ಕಾಗದು.

ಅತ್ತೆಯವರೇನು ರಾಕ್ಷಸಿಯಲ್ಲ, ಪಾಪ. ನಿವೃತ್ತ ಮುಖ್ಯೋಪಾಧ್ಯಾಯಿನಿ, ಅಷ್ಟೆ. ಆದರೆ ನಿವೃತ್ತಿಯ ಸುದ್ದಿ ಅವರಿಗಿನ್ನೂ ತಲುಪಿರಲಿಲ್ಲ. ಅಳಿಯ ಸೋಫಾಕ್ಕೆ ಒರಗಿದರೆ “ಬೆನ್ನು ನೆಟ್ಟಗೆ!”, ಬಾಯಿ ತೆರೆದರೆ “ಯಾಕೆ? ಕಾರಣ ಹೇಳಿ.” ಐವತ್ತು ದಾಟಿದ ಗಂಡಸು ಇಡೀ ಭಾನುವಾರ ಪರೀಕ್ಷೆಗೆ ಕೂತವನಂತೆ ಬೆವರಬೇಕಿತ್ತು.

ಅಂದು ಸಂಜೆ ಅಂಗಡಿಯಿಂದ ಬಂದರೆ ಬಾಗಿಲ ಪಕ್ಕದಲ್ಲೇ ಸೂಟ್‌ಕೇಸು ನಿಂತಿತ್ತು.

“ಪೇಪರ್ ನೋಡಿದ್ರಾ?” ಎಂದಳು ಹೆಂಡತಿ, ಸಕ್ಕರೆಯಂಥ ದನಿಯಲ್ಲಿ.

“ನೋಡಿದೆ. ನೀನು ಬೆಲೆ ನೋಡಿದೀಯ, ನಾನು ಕಾರಣ ನೋಡಿದೀನಿ.”

ಯಜಮಾನರು ಗಂಟಲು ಸರಿಮಾಡಿಕೊಂಡರು. ಬೆಳಗ್ಗೆಯಿಂದ ಅಂಗಡಿಯಲ್ಲಿ ಇದನ್ನೇ ತಾಲೀಮು ಮಾಡಿದ್ದರು. ಮೂಗಿನ ಮೇಲೆ ಪರೀಕ್ಷೆಯ ಕನ್ನಡಕ ಏರಿಸಿಕೊಂಡು ಕೂತ ಗಿರಾಕಿ ಎದ್ದು ಓಡುವಂತಿಲ್ಲವಲ್ಲ! ಗೋಡೆಯ ಮೇಲಿನ ಅಕ್ಷರ ಓದಲು ಬಂದ ಬಡಪಾಯಿಗಳು ವಿಶ್ವದ ಅರ್ಥಶಾಸ್ತ್ರ ಕೇಳಿಸಿಕೊಂಡು ಹೋಗಿದ್ದರು.

“ಮೊದಲನೇದು, ಎಣ್ಣೆ ದೇಶಗಳು ಜಿದ್ದಿಗೆ ಬಿದ್ದು ಎಣ್ಣೆ ತೆಗೀತಾ ಇದಾವೆ. ಎರಡನೇದು, ಕಾರ್ಖಾನೆಗಳು ಮಂಕಾಗಿವೆ, ಕೊಳ್ಳೋರಿಲ್ಲ. ಮೂರನೇದು, ಜನ ಬ್ಯಾಟರಿ ಗಾಡಿ ಹಿಂದೆ ಬಿದ್ದಿದಾರೆ. ನಾಲ್ಕನೇದು...”

“ಹಾಗಾದ್ರೆ ತರಕಾರಿ ಯಾಕ್ರೀ ಇಳಿದಿಲ್ಲ? ಅದನ್ನ ತರೋ ಲಾರಿ ಏನು ನೀರು ಕುಡಿದು ಓಡುತ್ತಾ?”

“ಅದು ಬೇರೆ ಶಾಸ್ತ್ರ.” (ಉತ್ತರ ಗೊತ್ತಿಲ್ಲದ ಪ್ರಶ್ನೆಗಳೆಲ್ಲ ಯಜಮಾನರ ಪಾಲಿಗೆ ಬೇರೆ ಶಾಸ್ತ್ರ.)

“ಇರಲಿ ಬಿಡಿ. ಇಳಿದಿದೆ ತಾನೇ? ಭಾನುವಾರ ಹೊರಡೋಣ.”

“ಅಯ್ಯೋ, ಇದು ನಿಜವಾದ ಇಳಿಕೆಯೇ ಅಲ್ಲ ಕಣೇ, ಬರೀ ತೋರಿಕೆ! ಇನ್ನು ಹತ್ತೇ ದಿನ, ಆಮೇಲೆ ರಾಕೆಟ್ಟು! ಹೋಗೋವಾಗ ಅಗ್ಗ ಅಂತ ಹೋಗಿ, ಬರೋವಾಗ ಅಲ್ಲೇ ಸಿಕ್ಕಿಹಾಕಿಕೊಂಡ್ರೆ ಏನ್ ಗತಿ?”

ಹೆಂಡತಿ ಮರುಮಾತಾಡದೆ ಸೂಟ್‌ಕೇಸನ್ನು ಒಳಗಿಟ್ಟು, ಫೋನು ಹಿಡಿದು ಮಹಡಿ ಹತ್ತಿದಳು. ಹೆಂಡತಿ ಮೌನವಾದರೆ ಗೆದ್ದೆವೆಂದು ತಿಳಿಯುವ ಗಂಡಸರ ಸಂಖ್ಯೆ ಲೋಕದಲ್ಲಿ ದೊಡ್ಡದು. ಯಜಮಾನರು ಆ ರಾತ್ರಿ ಗಡದ್ದಾಗಿ ನಿದ್ದೆ ಮಾಡಿದರು.

ಶನಿವಾರ ಮಧ್ಯಾಹ್ನ ಊಟಕ್ಕೆ ಬಂದರೆ ಅವರ ಕುರ್ಚಿಯಲ್ಲಿ ಅತ್ತೆ ಕೂತಿದ್ದರು.

“ಬನ್ನಿ ಅಳಿಯಂದಿರೇ. ಬೆಲೆ ಇನ್ನು ಹತ್ತೇ ದಿನ ಹೀಗಿರುತ್ತೆ ಅಂತ ನೀವು ಹೇಳಿದ್ರಂತೆ. ನಮ್ಮ ಪಕ್ಕದ ಮನೆಯವರು ಕಾರಲ್ಲಿ ಈ ಕಡೆ ಬರ್ತಿದ್ರು, ಏರೋದರೊಳಗೆ ಬಂದುಬಿಡೋಣ ಅಂತ ಬಂದೆ.”

ಯಜಮಾನರು ಹತ್ತು ದಿನ ಬೆನ್ನು ನೆಟ್ಟಗಿಟ್ಟುಕೊಂಡೇ ಉಂಡರು, ಟೀವಿ ನೋಡಿದರು, ಸೀನಿದ್ದಕ್ಕೂ ಕಾರಣ ಕೊಟ್ಟರು. ಹನ್ನೊಂದನೆಯ ದಿನ ಪೇಪರ್ ಬಿಚ್ಚಿದರೆ ಬೆಲೆ ನಿಜಕ್ಕೂ ಜಿಗಿದಿತ್ತು! ಜನ್ಮದಲ್ಲಿ ಅವರು ಹೇಳಿದ್ದೊಂದು ನಿಜವಾಯಿತು, ಅದೂ ಯಾವ ಹೊತ್ತಿನಲ್ಲಿ!

“ಎಷ್ಟಾದರೂ ಆಗಲಿ ಅತ್ತೆ, ನಾಳೆ ನಾನೇ ಕಾರಲ್ಲಿ ಬಿಟ್ಟು ಬರ್ತೀನಿ,” ಎಂದರು ಉದಾರವಾಗಿ.

“ಈ ರೇಟಲ್ಲಾ? ತಲೆ ನೆಟ್ಟಗಿದೆಯೇನ್ರೀ?” ಹೆಂಡತಿ ಗದರಿದಳು. “ಬಸ್ಸಂತೂ ಅಮ್ಮನ ಮಂಡಿಗೆ ಆಗೋ ಮಾತಲ್ಲ. ಇಳೀಲಿ, ನೋಡೋಣ.”

“ನನಗೇನೂ ಆತುರವಿಲ್ಲಪ್ಪ,” ಎಂದರು ಅತ್ತೆ, ಕುರ್ಚಿಯನ್ನು ಫ್ಯಾನಿನ ಕೆಳಕ್ಕೆ ಎಳೆದುಕೊಂಡು.

ಈಗ ಯಜಮಾನರು ಅಂಗಡಿಗೆ ನಡೆದೇ ಹೋಗುತ್ತಾರೆ. ಪರೀಕ್ಷೆಯ ಕನ್ನಡಕ ಹಾಕಿಕೊಂಡು ಕೂತ ಗಿರಾಕಿಗೆ ಅಕ್ಷರ ತೋರಿಸುವ ಮೊದಲು ಎರಡೂ ಕೈ ಮುಗಿಯುತ್ತಾರೆ.

“ಸ್ವಾಮೀ, ಗಾಡೀಲಿ ಬಂದ್ರಾ? ನಿಮ್ಮ ದಮ್ಮಯ್ಯ, ನಾಳೆಯಿಂದ ನಡ್ಕೊಂಡು ಬನ್ನಿ. ಪ್ರಪಂಚದಲ್ಲಿ ಬೇಡಿಕೆ ಸ್ವಲ್ಪ ಬೀಳಬೇಕು.”