ದಿಲ್ಲಿಯ ಕೌದಿಗೆ ದೊಡ್ಡಪ್ಪನ ವಕಾಲತ್ತು

ದಿಲ್ಲಿಯಲ್ಲಿ ದೇಶದ ಕಲೆಯನ್ನೆಲ್ಲ ಕೂಡಿಟ್ಟ ದೊಡ್ಡ ಸಂಗ್ರಹಾಲಯವಿದೆಯಲ್ಲ, ಅದನ್ನು ಸರಿಯಾಗಿ ನೋಡಿದವರು ಇಡೀ ಸಿಂಧನೂರು ತಾಲೂಕಿನಲ್ಲಿ ಒಬ್ಬರೇ, ನಮ್ಮ ದೊಡ್ಡಪ್ಪ! ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ. ತುರ್ವಿಹಾಳದ ಬಸ್ಸಿನಲ್ಲಿ ಪಕ್ಕಕ್ಕೆ ಯಾರು ಕುಳಿತರೂ ಹೇಳುತ್ತಾರೆ.

ಕರೆದುಕೊಂಡು ಹೋಗಿ ಫಜೀತಿ ಪಟ್ಟವನು ನಾನು. ಕಲ್ಲಿನ ನಂದಿಯನ್ನು ಕಂಡದ್ದೇ ಅವರ ಜೇಬಿನಿಂದ ವಿಭೂತಿ ಹೊರಬಂತು! ತಡೆಯಲು ಓಡಿಬಂದ ಕಾವಲುಗಾರನ ಹಣೆಗೇ ಅದು ಬಿತ್ತು. "ದಿನಾ ಬಸವಣ್ಣನ್ನ ಕಾಯ್ತಿ, ಹಣಿ ಖಾಲಿ ಇಟ್ಕೊಂಡೀಯಲ್ಲೋ!" ಚಿತ್ರದಲ್ಲಿ ಗುಲಾಬಿ ಮೂಸುತ್ತಿದ್ದ ನವಾಬನಿಗೂ ಬಿಡಲಿಲ್ಲ. "ಈತ ಹೂವು ಮೂಸ್ಕೋತ ಕುಂತಾನ, ಹೊಲ ಯಾರು ನೋಡಾಕತ್ತಾರ?"

ಮೇಲಿನ ಮಹಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಒಂದು ಕೌದಿ. ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ನಮ್ಮ ದೊಡ್ಡವ್ವ ಹೊಲಿಯುವ ಹೊದಿಕೆಯಂಥದೇ. ಪಕ್ಕದ ಚೀಟಿಯನ್ನು ಓದಿ ಹೇಳಿದೆ: ಹೊಲಿದವರು ಗೊತ್ತಿಲ್ಲ. ಅಷ್ಟೇ, ದೊಡ್ಡಪ್ಪನ ಪಿತ್ತ ನೆತ್ತಿಗೇರಿತು!

"ಗೊತ್ತಿಲ್ಲ ಅಂದ್ರ? ಮುಗಲಿಂದ ಬಿತ್ತೇನು? ಬಟ್ಟಿ ಇಟ್ಕೊಂಡೀರಿ, ಹೊಲದಾಕಿ ಹೆಸರು ಕೇಳಾಕ ಏನಾಗಿತ್ರಿ?"

ಕನ್ನಡ ಬಾರದ ಕಾವಲುಗಾರ ತಲೆಯಾಡಿಸಿದ. ದೊಡ್ಡಪ್ಪ ಅದನ್ನು ತಪ್ಪೊಪ್ಪಿಗೆ ಎಂದೇ ತಿಳಿದರು.

ಊರಿಗೆ ಬಂದವರೇ ಭತ್ತದ ಚೀಲದ ಕೋಣೆಗೆ ಸುಣ್ಣ ಬಳಿಸಿ ತಮ್ಮದೇ ಸಂಗ್ರಹಾಲಯ ತೆರೆದರು. ಎಲ್ಲದಕ್ಕೂ ಮಾಡಿದವರ ಹೆಸರಿನ ಚೀಟಿ! ಕುಡಗೋಲಿಗೆ ಮಸ್ಕಿಯ ಕಂಬಾರನದು, ತೊಟ್ಟಿಲಿಗೆ ಲಿಂಗಸುಗೂರಿನ ಬಡಿಗೇರನದು. ರೊಟ್ಟಿ ಸುಡುವ ಹಂಚೂ ಗೋಡೆ ಏರಿತು. ದೊಡ್ಡವ್ವ ಕೇಳಿದರೆ "ಮುಟ್ಟಂಗಿಲ್ಲ!" ಎನ್ನುವುದೇ? ಆ ದಿನ ರೊಟ್ಟಿಯಿಲ್ಲ, ಮೂರು ಹೊತ್ತೂ ಮಂಡಕ್ಕಿಯ ಮಂಡಾಳ ಒಗ್ಗರಣೆಯೇ ಗತಿ.

ಕೊನೆಗೆ ದೊಡ್ಡವ್ವನ ಕೌದಿ ತೂಗುಬಿತ್ತು. ಚೀಟಿ ಬರೆಯುವವನು ನಾನು.

"ಯಾರು ಹೊಲದಾರಂತ ಬರೀಲಿ, ದೊಡ್ಡಪ್ಪ?"

"ಅದs... ಇಕಿ. ಒಳಗಿನಾಕಿ."

ಹೆಂಡತಿಯ ಹೆಸರು ಬಾಯಿಬಿಟ್ಟು ಹೇಳುವುದೆಂದರೆ ಅವರಿಗೆ ಎಲ್ಲಿಲ್ಲದ ನಾಚಿಕೆ. ಮದುವೆಯಾದಾಗಿನಿಂದ ದೊಡ್ಡವ್ವನ ಹೆಸರು "ಏ, ಕೇಳ್ತೇನು?" ಎಂದೇ.

ಬಾಗಿಲಲ್ಲಿ ನಿಂತಿದ್ದ ದೊಡ್ಡವ್ವ ನಕ್ಕಳು. "ದಿಲ್ಲಿತನಕ ಹೋಗಿ ಜಗಳ ಮಾಡಿ ಬಂದಾರ! ಮನಿಯಾಗ ನಾನೂ ಗೊತ್ತಿಲ್ಲದಾಕಿನ. ಇರ್ಲಿ ಬಿಡೋ ತಮ್ಮಾ, ಖಾಲಿ ಬಿಡು."

ನಕ್ಕಳು ನಿಜ. ಆದರೆ ಕಣ್ಣು ಖಾಲಿ ಚೀಟಿಯ ಮೇಲೇ ಇತ್ತು.

ದೊಡ್ಡಪ್ಪ ಕೆಮ್ಮಿದರು. ರುಮಾಲು ಸರಿಮಾಡಿಕೊಂಡರು. ಮದುವೆಯಲ್ಲಿ ಮದುಮಕ್ಕಳನ್ನು ಹೊಸ್ತಿಲಲ್ಲಿ ತಡೆದು, ಪ್ರಾಸದ ಒಡಪು ಕಟ್ಟಿ ಒಬ್ಬರಿಂದ ಇನ್ನೊಬ್ಬರ ಹೆಸರು ಹೇಳಿಸುತ್ತಾರಲ್ಲ, ಹಾಗೆಯೇ ನೆಟ್ಟಗೆ ನಿಂತು ಹೇಳಿದರು:

"ದಿಲ್ಲಿ ಗಾಜಿನ್ಯಾಗ ಕಂಡೆ ಹಳೀ ಸೀರಿ ತುಂಡ,
ಬೆಚ್ಚಗ ಕೌದಿ ಹೊಲದ ಶಾಂತವ್ವಗ ನಾನs ಗಂಡ!"

ದೊಡ್ಡವ್ವ ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಓಡಿದಳು. ಬರೆಯಲು ಹೋದರೆ ನನಗೆ ಅಕ್ಷರವೇ ಕಾಣಿಸುತ್ತಿಲ್ಲ, ಕಣ್ಣು ತುಂಬಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು.

"ಏನಂದ್ರಿ? ಕೇಳ್ಲಿಲ್ಲ, ಇನ್ನೊಮ್ಮೆ ಹೇಳ್ರಿ!"