ಝವರಪ್ಪನ ಮಹಾಪ್ರಾಣ ಹೋದದ್ದು

ನಾನು ನಂಜನಗೂಡಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಕಳೆದ ಬೇಸಿಗೆ ರಜೆಯಲ್ಲಿ ಒಂದು ಪತ್ತೇದಾರಿ ಕಾದಂಬರಿ ಬರೆದು ಕನ್ನಡ ಸಾಹಿತ್ಯಕ್ಕೆ ಉಪಕಾರ ಮಾಡಲು ತೀರ್ಮಾನಿಸಿದೆ.

ಅದು ಕುರಿ ಕಳ್ಳನ ಕಥೆ. ಕಳ್ಳನ ಮೀಸೆ, ನಶ್ಯದ ಡಬ್ಬಿ, ಕಂಡವರ ಮನೆ ವಿಚಾರಕ್ಕೆಲ್ಲ ತಲೆಹಾಕುವ ಚಾಳಿ, ಎಲ್ಲವನ್ನೂ ಬನ್ನೂರಿನಲ್ಲಿರುವ ನನ್ನ ಮಾವ ಜವರಪ್ಪನವರಿಂದ ಎರವಲು ಪಡೆದಿದ್ದೆ. ಹೆಸರನ್ನು ಮಾತ್ರ ಜಾಣತನದಿಂದ ಝವರಪ್ಪ ಎಂದು ಬದಲಿಸಿದೆ. ಕನ್ನಡದಲ್ಲಿ ಝ ಬಲು ಅಪರೂಪ. ಆ ಹೆಸರಿನ ಮನುಷ್ಯ ಭೂಮಿಯ ಮೇಲೆ ಇರಲಾರ. ಆದ್ದರಿಂದ ಜಗಳಕ್ಕೂ ಬರಲಾರ!

ಹೆಂಡತಿ ಸುಶೀಲ ಹಸ್ತಪ್ರತಿ ಓದಿ, "ನಮ್ಮೂರಲ್ಲಿ ಝ ಅಂತ ಬರ್ದ್ರೂ ಜ ಅಂತಾನೇ ಓದೋದು ಕಣ್ರೀ" ಎಂದಳು. ಇದು ವಿಮರ್ಶೆಯ ಮಾತಲ್ಲ ಎಂದು ತಳ್ಳಿಹಾಕಿದೆ.

ತಿ. ನರಸೀಪುರದಲ್ಲಿ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಮುದ್ರಿಸುವ ಹಳೇ ಪ್ರೆಸ್ಸೊಂದು ಇನ್ನೂ ಉಸಿರಾಡುತ್ತಿತ್ತು. ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಅಚ್ಚು ಹಾಕಿಸಿಯಾರು, ಸೀಸದ ಅಕ್ಷರಕ್ಕೆ ತೂಕವಿದೆ ಎಂದುಕೊಂಡು ಅಲ್ಲಿಗೇ ಕೊಟ್ಟೆ. ಮಾಲೀಕ ಪುಟ್ಟಸ್ವಾಮಿ ಖಾನೆಗಳನ್ನು ತೋರಿಸಿದರು. ನ, ರ, ದಗಳ ಖಾನೆ ತುಂಬಿ ತುಳುಕುತ್ತಿತ್ತು. ಝ ಖಾನೆಯಲ್ಲಿ ನಾಲ್ಕಾರು ಮೊಳೆ, ಒಂದು ಜೇಡ. ನಾನು ಜೇಡವನ್ನಷ್ಟೇ ಗಮನಿಸಿದೆ.

ವಾರ ಕಳೆದ ಮೇಲೆ ಅವರ ಫೋನು ಬಂತು. ನಾನು ಪುಸ್ತಕ ಬಿಡುಗಡೆಯ ಭಾಷಣವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೆ.

"ಸಾ, ಮೊದ್ಲ ಪುಟಕ್ಕೇ ಝ ಎಲ್ಲಾ ಮುಗ್ದೋಯ್ತು. ಏನ್ ಮಾಡ್ಲಿ?"

"ಹತ್ತಿರದ್ದು ಯಾವುದಾದರೂ ಹಾಕಿ," ಎಂದು ಫೋನಿಟ್ಟೆ.

ಅವರು ಹತ್ತಿರದ್ದನ್ನೇ ಹಾಕಿದರು.

ಬಿಡುಗಡೆಗೆ ಮುಖ್ಯ ಅತಿಥಿ ಮಾವನವರೇ, ಸುಶೀಲಳ ಆಜ್ಞೆ. ವೇದಿಕೆಯ ಮೇಲೆ ಪುಸ್ತಕದ ಕಟ್ಟು ಬಿಚ್ಚಿ, ಕನ್ನಡಕ ಏರಿಸಿ, ನಡುವಿನದೊಂದು ಪುಟ ತೆರೆದು ಮೈಕಿನಲ್ಲಿ ಗಟ್ಟಿಯಾಗಿ ಓದಿದರು: "ಜವರಪ್ಪ ನಶ್ಯ ಏರಿಸಿ, ಮೀಸೆ ಒರೆಸಿಕೊಂಡು, ಕುರಿಯನ್ನು ಹೆಗಲಿಗೆ ಹಾಕಿಕೊಂಡು ಓಡಿದ."

ಝವರಪ್ಪನ ಮಹಾಪ್ರಾಣ ಹೋಗಿತ್ತು. ನನ್ನ ಅಲ್ಪಪ್ರಾಣವೂ ಹೊರಟು ನಿಂತಿತು. ಸುಶೀಲ ಮುಂದಿನ ಸಾಲಿನಿಂದ ನನ್ನನ್ನು ನೋಡಿದ ನೋಟಕ್ಕೆ ಸೀಸವೂ ಕರಗುತ್ತಿತ್ತು.

ಮಾವನವರು ಸಭೆಯನ್ನು ಕಾಯಿಸಿ ಕೊನೆಯ ಪುಟವನ್ನೂ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಅಳಿಮಯ್ಯ, ನನ್ನೇ ಕುರಿ ಕಳ್ಳ ಮಾಡಿದ್ದೀಯ, ಓಗ್ಲಿ. ಆದ್ರೆ ಇಂಥಾ ಪೆದ್ದ ಪತ್ತೇದಾರನ ಕೈಲಿ ನಾನು ಸಿಕ್ಕಾಕೊಳ್ಳಾದಾ?" ಎಂದರು.

ಪತ್ತೇದಾರನ ಪಾತ್ರಕ್ಕೆ ನಾನು ನನ್ನನ್ನೇ ಮಾದರಿ ಮಾಡಿಕೊಂಡಿದ್ದೆ. ಅದನ್ನು ಹೇಳಲು ಅದು ಸಮಯವಾಗಿರಲಿಲ್ಲ.

ಪ್ರತಿಗಳನ್ನೆಲ್ಲ ಮಾವನವರೇ ಕಾರಿಗೆ ಹೇರಿಸಿಕೊಂಡು ಹೋದರು. ಸುಟ್ಟುಹಾಕಿರಬೇಕು ಎಂದುಕೊಂಡೆ. ಸುಟ್ಟಿರಲಿಲ್ಲ. ಕೊನೆಯ ಪುಟವನ್ನಷ್ಟೇ ಹರಿದು, ಮೊದಲ ಪುಟದಲ್ಲಿ ತಮ್ಮ ಸಹಿ ಹಾಕಿ ಊರಿಗೆಲ್ಲ ಹಂಚಿದ್ದರು.

ಮೊನ್ನೆ ಬನ್ನೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ನನ್ನನ್ನು ತಡೆದು, "ನೀವು ಜವರಪ್ಪನೋರ ಅಳಿಯ ಅಲ್ವಾ? ಅವ್ರ ಪುಸ್ತಕ ಓದ್ದೆ ಸಾ, ಬೋ ಚೆಂದಾಗ್ ಬರ್ದವ್ರೆ" ಎಂದರು.

ಹೌದು, ಅವರ ಸಹಿಯೂ ಬಹಳ ದುಂಡಗಿದೆ ಎಂದು ಹೇಳಿ ಬಸ್ಸು ಹತ್ತಿದೆ.